ಮಾಳವ್ವನ ಕುದುರೆಗೆ ಬರೆದ ಮೇವಿನ ಚೀಟಿ

1980ರ ಬೇಸಿಗೆ ಕಾಲಿಡುವ ಹೊತ್ತಿಗೆ ನಾನು ರಾಯಚೂರಿನಲ್ಲಿ ಪಶುವೈದ್ಯನಾಗಿದ್ದೆ. ಆಸ್ಪತ್ರೆಯ ಬಾಗಿಲ ಮೇಲಿನ ಹಲಗೆಯಲ್ಲಿ ದನ, ಎಮ್ಮೆ, ಕುರಿ, ಮೇಕೆ, ಕೋಳಿ ಎಲ್ಲವೂ ನನ್ನ ವ್ಯಾಪ್ತಿಗೆ ಬರುತ್ತವೆಂದು ಬರೆದಿತ್ತು. ಕುದುರೆಯ ಹೆಸರು ಮಾತ್ರ ಇರಲಿಲ್ಲ. ಆದರೆ ಸ್ಟೇಷನ್ನಿನ ಟಾಂಗಾ ಕುದುರೆಗಳು ಹಲಗೆ ಓದುವ ಜಾತಿಯವಲ್ಲ. ಹೊಟ್ಟೆನೋವು ಬಂದರೆ ನೇರವಾಗಿ ನನ್ನ ಅಂಗಳಕ್ಕೇ ಬಂದು ಹೊರಳಾಡುತ್ತಿದ್ದವು.

ನಾನು ಕುದುರೆಯ ಪಂಡಿತನೇನಲ್ಲ. ಕಾಲೇಜಿನ ಪರೀಕ್ಷೆಯಲ್ಲಿ ಕುದುರೆಯ ಪ್ರಶ್ನೆಯನ್ನು ಬಿಟ್ಟು, ಎಮ್ಮೆಯ ಪ್ರಶ್ನೆಯನ್ನು ಹಿಡಿದು ಪಾಸಾದವನು. ಬಿಟ್ಟ ಪ್ರಶ್ನೆ ಹುಡುಕಿಕೊಂಡು ರಾಯಚೂರಿಗೇ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಆ ವರ್ಷ ಹಿಂಗಾರಿ ಮಳೆ ಕೈಕೊಟ್ಟಿತ್ತು. ಯುಗಾದಿ ಇನ್ನೂ ದೂರವಿರುವಾಗಲೇ ಊರ ಸುತ್ತಿನ ಹುಲ್ಲು ಮುಗಿಯಿತು. ಜೋಳದ ಕಣಕಿ, ಅಂದರೆ ತೆನೆ ಕೊಯ್ದ ಮೇಲೆ ಉಳಿಯುವ ಒಣ ದಂಟು, ದೊಡ್ಡವರ ಮಾತಾಯಿತು. ಸಿಗುತ್ತಿದ್ದದ್ದು ಭತ್ತದ ಹುಲ್ಲು. ಮಾನ್ವಿ ಕಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆದ ಪೋತ್ನಾಳ, ಸಿರವಾರಗಳಿಂದ ಲಾರಿಗಟ್ಟಲೆ ಬರುತ್ತಿತ್ತು. ಎಮ್ಮೆಗೆ ಅದು ನಡೆಯುತ್ತದೆ. ಎಮ್ಮೆಯ ಹೊಟ್ಟೆ ನಾಲ್ಕು ಕೋಣೆಯ ಮನೆ. ಒಂದರಲ್ಲಿ ತುಂಬಿ, ಇನ್ನೊಂದರಲ್ಲಿ ನೆನೆಸಿ, ತಿರುಗಿ ಬಾಯಿಗೆ ತಂದು ಸಾವಕಾಶವಾಗಿ ಸಂಸಾರ ನಡೆಸುತ್ತದೆ. ಕುದುರೆಗೆ ಒಂದೇ ಕೋಣೆ. ಒಣ ಭತ್ತದ ಹುಲ್ಲನ್ನೇ ತುರುಕಿದರೆ ಕರುಳಿನಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಇದಕ್ಕೆ ನಮ್ಮ ಭಾಷೆಯಲ್ಲಿ ಇಂಪ್ಯಾಕ್ಷನ್ ಕೋಲಿಕ್ ಎನ್ನುತ್ತಾರೆ. ಕುದುರೆಯ ಭಾಷೆಯಲ್ಲಿ ಏನೆನ್ನುತ್ತಾರೋ ತಿಳಿಯದು, ಆದರೆ ಅದು ನೆಲಕ್ಕೆ ಬಿದ್ದು ತನ್ನ ಹೊಟ್ಟೆಯನ್ನು ತಾನೇ ತಿರುಗಿ ನೋಡುವ ರೀತಿಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

ಮೂಗಿನಿಂದ ರಬ್ಬರ್ ನಳಿಕೆ ಇಳಿಸಿ, ಲಿಕ್ವಿಡ್ ಪ್ಯಾರಾಫಿನ್ ಹೊಯ್ದು ಹೊಯ್ದು ದಾಸ್ತಾನು ಮುಗಿದ ಮೇಲೆ ನಾನು ಟಾಂಗಾದವರನ್ನೆಲ್ಲ ಅಂಗಳದ ಬೇವಿನ ಮರದ ಕೆಳಗೆ ಸೇರಿಸಿ ಒಂದು ಭಾಷಣ ಮಾಡಿದೆ. ಅರ್ಧ ಕುದುರೆಗಳು ಗಾಡಿ ಎಳೆಯಲಿ, ಅರ್ಧ ಊರ ಹೊರಗೆ ಹೋಗಿ ಸಿಕ್ಕಲ್ಲಿ ಹಸಿರು ಮೇಯಲಿ, ವಾರಕ್ಕೊಮ್ಮೆ ಅದಲುಬದಲು. ಗಬ್ಬದ ಕುದುರೆಗಳು ಮಳೆ ಬರುವವರೆಗೂ ನೊಗ ಮುಟ್ಟಬಾರದು. ಜಿಲ್ಲೆಯ ಇತಿಹಾಸದಲ್ಲೇ ಮೊದಲ ಅಶ್ವ ಮೇವು ಯೋಜನೆ ಇದು ಎಂದು ನನಗೆ ಅನ್ನಿಸಿತು. ಮುಂದಿನ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಒಬ್ಬ ಬೀಡಿ ಆರಿಸಿ ಕೇಳಿದ:

"ಕುದುರಿಗೆ ರಜಾ ಕೊಟ್ರಿ, ಛಲೋ ಆತು ಸಾಬ್. ನಮ್ಮ ಹೊಟ್ಟಿಗೆ ಯಾವಾಗ ರಜಾ ಕೊಡ್ತೀರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೂ ಯೋಜನೆ ಒಂದಿಷ್ಟು ನಡೆಯಿತು. ಅದನ್ನು ಅಕ್ಷರಶಃ ಪಾಲಿಸಿದವನು ಮಸ್ತಾನ್ ಸಾಬ್ ಎಂಬ ಟಾಂಗಾದವನು. ಪಾಲಿಸಿದ್ದೇ ತೊಂದರೆಗೆ ಮೂಲವಾಯಿತು.

ಮಸ್ತಾನನ ಕುದುರೆಯ ಹೆಸರು ರೇಷ್ಮಾ. ಕೆಂಪು ಬಣ್ಣದ ಹೆಣ್ಣು ಕುದುರೆ, ಬಲಗಿವಿಯ ತುದಿ ಹರಿದಿತ್ತು, ಆಗ ಏಳು ತಿಂಗಳ ಗಬ್ಬ. ಕುದುರೆಗೆ ಹನ್ನೊಂದು ತಿಂಗಳ ಬಸಿರು. ಕೊನೆಯ ತಿಂಗಳುಗಳಲ್ಲಿ ಮರಿ ಭರದಿಂದ ಬೆಳೆಯುತ್ತದೆ, ಆಗ ಮೇವು ಕಡಿಮೆಯಾದರೆ ತಾಯಿಯ ಮೈಯನ್ನೇ ತಿಂದು ಬೆಳೆಯುತ್ತದೆ. ರೇಷ್ಮಾಳ ಪಕ್ಕೆಲುಬುಗಳನ್ನು ದೂರದಿಂದ ಎಣಿಸಬಹುದಿತ್ತು. ಸಾಲದ್ದಕ್ಕೆ ಭುಜದ ಮೇಲೆ ಜೀನಿನ ಪಟ್ಟಿ ಉಜ್ಜಿ ಹುಣ್ಣಾಗಿತ್ತು, ಹಣೆಯ ಮೇಲೂ ನೊಣ ಕೂತು ಗಾಯವಾಗಿತ್ತು. ಆಸ್ಪತ್ರೆಯಲ್ಲಿ ಮುಲಾಮು ಇರಲಿಲ್ಲ. ಮಾರ್ಚ್ ತಿಂಗಳಲ್ಲಿ ಮುಲಾಮು ಇರುವ ಸರ್ಕಾರಿ ಆಸ್ಪತ್ರೆಯನ್ನು ನಾನು ಇನ್ನೂ ನೋಡಬೇಕಾಗಿದೆ. ಮನೆಯಿಂದ ಅರಿಶಿನ ತರಿಸಿ, ಬೇವಿನ ಎಣ್ಣೆಯಲ್ಲಿ ಕಲಸಿ, ನನ್ನ ಕೈಯಾರೆ ಭುಜಕ್ಕೂ ಹಣೆಗೂ ದಪ್ಪಗೆ ಬಳಿದೆ. ಡಬ್ಬಿಯನ್ನೂ ಕೊಟ್ಟು, ದಿನಾ ಹಚ್ಚು ಎಂದೆ.

ಮಸ್ತಾನನ ಹೆಂಡತಿಯ ತಮ್ಮ ದೇವದುರ್ಗದಲ್ಲಿ ಬಳೆ ವ್ಯಾಪಾರಿ. ಕೃಷ್ಣೆಯ ಕಡೆಯ ಒಂದು ಹಳ್ಳಿಯ ಆಚೆ ಹಳ್ಳದ ದಂಡೆಯಲ್ಲಿ ಇನ್ನೂ ಹಸಿರಿದೆ ಎಂದು ಅವನು ಹೇಳಿದ್ದ. ಆ ಹಳ್ಳಿಯ ಹೆಸರು ಇಲ್ಲಿ ಬೇಡ. ಬರೆದರೆ ಇವತ್ತಿಗೂ ಕೆಲವರಿಗೆ ಮುಜುಗರವಾದೀತು, ಮೊದಲು ನನಗೆ. ಮಸ್ತಾನ ಗಾಡಿಯನ್ನು ರಾಯಚೂರಿನಲ್ಲೇ ಬಿಟ್ಟು, ಕುದುರೆಯನ್ನು ನಡೆಸಿಕೊಂಡು ಹೊರಟ.

ಸ್ವಲ್ಪ ದಿನಗಳ ಮೇಲೆ ಒಂದು ಬೆಳಿಗ್ಗೆ ಅವನು ಒಬ್ಬನೇ ಬಂದು ನನ್ನ ಟೇಬಲ್ಲಿನ ಮುಂದೆ ನಿಂತ. ಮುಖದಲ್ಲಿ ಬಣ್ಣವಿರಲಿಲ್ಲ.

"ಏನೋ ಮಸ್ತಾನ್, ರೇಷ್ಮಾ ಸತ್ತಳೇನು?"

"ಇಲ್ರೀ ಸಾಬ್. ಅದಕ್ಕಿಂತ ಜಾಸ್ತಿ ಆಗ್ಯದ. ಮೇರಿ ಘೋಡಿ ದ್ಯಾವರ್ ಹೋಗಯಿ."

ಕುದುರೆ ದೇವರಾದದ್ದು ಹೀಗೆ. ಆ ಊರಿನ ಗುಡ್ಡದ ಮೇಲೆ ಮಲ್ಲಯ್ಯನ ಗುಡಿ ಇದೆ. ಕುದುರೆ ಏರುವ ದೇವರು. ಹರಕೆ ಹೊತ್ತವರು ಅವನ ಹೆಸರಿನಲ್ಲಿ ಕುದುರೆ ಬಿಡುವುದು ಅಲ್ಲಿಯ ಪದ್ಧತಿ. ಹಣೆಗೆ ಭಂಡಾರ, ಅಂದರೆ ಅರಿಶಿನ, ಬಳಿದು, ಕೊರಳಿಗೆ ಗಂಟೆ ಕಟ್ಟಿ ಬಿಟ್ಟ ಕುದುರೆ ಯಾರ ಹೊಲದಲ್ಲಿ ಮೇಯ್ದರೂ ಓಡಿಸುವಂತಿಲ್ಲ. ಯಾರ ಬಾಗಿಲಿಗೆ ಬಂದರೂ ಮೇವು ಹಾಕಬೇಕು. ಹಿಂದೆ ಬಿಟ್ಟಿದ್ದ ಕುದುರೆ ಮುದಿಯಾಗಿ ಸತ್ತು, ಆ ಸ್ಥಾನ ಖಾಲಿ ಇತ್ತು. ಹೀಗಿರುವಾಗ ಒಂದು ಮುಂಜಾನೆ ಹಳ್ಳದ ದಂಡೆಯಲ್ಲಿ ಕಟ್ಟಿದ್ದ ರೇಷ್ಮಾ ಹಗ್ಗ ಹರಿದುಕೊಂಡು, ಕಣಕಿಯ ವಾಸನೆ ಹಿಡಿದು, ಗುಡ್ಡದ ಕೆಳಗೆ ದೇವರ ಪಾದ ಕೆತ್ತಿದ ಪಾದಗಟ್ಟೆಯ ಹತ್ತಿರ ಹೋಗಿ ನಿಂತಿದ್ದಾಳೆ. ಹಣೆಯ ಮೇಲೆ ಅರಿಶಿನ. ಕೊರಳಲ್ಲಿ ಟಾಂಗಾದ ಗಂಟೆ. ಅದಕ್ಕಿಂತ ಹೆಚ್ಚಿನ ಸಾಕ್ಷಿ ಯಾವ ದೇವರು ಕೊಟ್ಟಾನು?

ಮಸ್ತಾನ ಹಗ್ಗದ ತುಂಡು ಹಿಡಿದುಕೊಂಡು ಓಡಿ ಬರುವಷ್ಟರಲ್ಲಿ ಆರತಿ ನಡೆಯುತ್ತಿತ್ತು. ಗುಂಪಿನಲ್ಲಿ ಒಬ್ಬ ಮಾತ್ರ ಅನುಮಾನ ಎತ್ತಿದನಂತೆ.

"ಲೇ, ಹೆಣ್ಣ ಕುದುರಿ ಅಲ್ಲೇನಲೇ ಇದು? ಮಲ್ಲಯ್ಯ ಏರೋದು ಗಂಡು."

ಆರತಿ ಹಿಡಿದಿದ್ದ ಮುದುಕಿ ಅವನ ಕಡೆ ತಿರುಗಿ, "ಹಂಗಾರ ಅವನ ಹೇಣ್ತಿ ಮಾಳವ್ವ ನಡಕೊಂತ ಹೋಗ್ಬೇಕೇನು? ಆಕಿ ಕುದುರಿ ಇದು. ಮುಚ್ಚು ಬಾಯಿ" ಎಂದಳು. ಅಲ್ಲಿಗೆ ಶಾಸ್ತ್ರಾರ್ಥ ಮುಗಿಯಿತು. ಆಮೇಲೆ ಆ ಮುದುಕಿಯೇ ಗುಂಪಿನ ಹಿಂದೆ ನಿಂತಿದ್ದ ಮಸ್ತಾನನ ಕೈಗೆ ಕೊಬ್ಬರಿ ಬೆಲ್ಲ ಹಾಕಿ, "ತಗೋ ಯಪ್ಪಾ. ಎರಡು ವರ್ಷ ಆಗಿತ್ತು, ನಮ್ಮೂರಿಗೆ ಕುದುರಿ ಬಂದಿದ್ದಿಲ್ಲ" ಎಂದು ಕಣ್ಣೊರೆಸಿಕೊಂಡಳಂತೆ. ಆಕೆಯ ಹೆಸರು ಬಸವ್ವ.

"ಅಲ್ಲೇ ಹೇಳ್ಬೇಕಿತ್ತಲ್ಲೋ, ನನ್ನ ಕುದುರಿ ಅಂತ?"

"ಬಾಯಾಗ ಬೆಲ್ಲ ಇತ್ರೀ ಸಾಬ್," ಎಂದ ಮಸ್ತಾನ. "ನುಂಗೂತನ ತಡ ಆತು. ನುಂಗಿದ ಮ್ಯಾಲ ಧೈರ್ಯ ಇರಲಿಲ್ಲ."

ನಾನು ಬಹಳ ನಕ್ಕೆ. ಹೇಗೂ ದೇವದುರ್ಗದ ಕಡೆ ಗಂಟಲುಬೇನೆ ಲಸಿಕೆಗೆ ಹೋಗುವವನಿದ್ದೆ. ಬರುತ್ತೇನೆ, ನೋಡೋಣ ಎಂದೆ.

ಆ ಊರಿಗೆ ಹೋದಾಗ ಲಸಿಕೆಗಿಂತ ಮೊದಲು ಹಿರಿಯರು ನನ್ನನ್ನು ಕರೆದುಕೊಂಡು ಹೋದದ್ದು ಬಸವ್ವನ ಮನೆಗೆ. ಕುದುರೆ ತಾನಾಗಿಯೇ ಅವಳ ಅಂಗಳವನ್ನು ಆರಿಸಿಕೊಂಡಿತ್ತು. ಅವಳು ಸೆರಗಿನಲ್ಲಿ ನೆನೆಸಿದ ಜೋಳ ಕಟ್ಟಿಕೊಂಡು ಬಂದು ಕೈಯಿಂದ ತಿನ್ನಿಸುತ್ತಿದ್ದಳು. ರೇಷ್ಮಾ ಮೂಗಿನಿಂದ ಅವಳ ಸೆರಗಿನ ಗಂಟನ್ನು ತಾನೇ ಬಿಚ್ಚಲು ನೋಡುತ್ತಿತ್ತು. "ನೋಡ್ರಿ ಸಾಹೇಬ್ರ, ಹೆಂಥಾ ಲಫಂಗಿ ದೇವ್ರದು," ಎಂದು ಬಸವ್ವ ನಕ್ಕಳು.

ಕುದುರೆಯ ಭುಜ ನೋಡಿದೆ. ಜೀನು ಉಜ್ಜಿದಲ್ಲಿ ಹುಟ್ಟುವ ಬಿಳಿಗೂದಲು ಎಂದೂ ಸುಳ್ಳು ಹೇಳುವುದಿಲ್ಲ. ಗಾಡಿ ಎಳೆದ ಕುದುರೆಯನ್ನು ಅದರಿಂದ ಯಾರಾದರೂ ಗುರುತಿಸಬಹುದು. ಆದರೆ ಅದರ ಮೇಲೆ ಅರಿಶಿನ ದಪ್ಪಗೆ ಕೂತಿತ್ತು. ನಾನು ಬಳಿದ ಅರಿಶಿನ. ಅದರ ಮೇಲೆ ಊರವರ ಭಂಡಾರ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬಸವ್ವನೇ ಕೇಳಿದಳು:

"ಹೊಟ್ಟ್ಯಾಗ ಮರಿ ಅದಲ್ರೀ ಇದಕ್ಕ? ಏನೇನು ಹಾಕ್ಬೇಕು, ಹೇಳ್ರಿ. ನಮಗ ಎಮ್ಮಿ ಗೊತ್ತು, ಕುದುರಿ ಗೊತ್ತಿಲ್ಲ."

ಕುದುರೆ ದೇವರದು ಹೌದೋ ಅಲ್ಲವೋ ಎಂದು ಯಾರೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಸಂಪ್ರದಾಯ ಸರ್ಕಾರಿ ನೌಕರಿಯಲ್ಲಿ ಇಲ್ಲ. ಕೇಳಿದ ಪ್ರಶ್ನೆಗೆ ಮಾತ್ರ ನಾನು ಪರಿಪೂರ್ಣವಾದ ಉತ್ತರ ಕೊಟ್ಟೆ. ಚೀಟಿ ತೆಗೆದು ಬರೆದೆ: ಬರೀ ಭತ್ತದ ಹುಲ್ಲು ಬೇಡ. ಜೋಳದ ಕಣಕಿಯನ್ನು ಸಣ್ಣಗೆ ಕತ್ತರಿಸಿ, ನೀರು ಚಿಮುಕಿಸಿ ಹಾಕುವುದು. ಹುರುಳಿ ನೆನೆಸಿ ಎರಡು ಹೊತ್ತು. ಸಿಕ್ಕಷ್ಟು ಹಸಿರು. ಉಪ್ಪು ಒಂದು ಹಿಡಿ. ಅಲ್ಲಿದ್ದವರೊಬ್ಬರು ಅದನ್ನು ಗಟ್ಟಿಯಾಗಿ ಓದಿದರು. ಬಸವ್ವ ಒಂದೊಂದು ಮಾತಿಗೂ ತಲೆಯಾಡಿಸಿದಳು. ಆ ಬಸಿರು ಕುದುರೆಗೆ ಅದಕ್ಕಿಂತ ಒಳ್ಳೆಯ ಚೀಟಿಯನ್ನು ಇವತ್ತಿಗೂ ನಾನು ಬರೆಯಲಾರೆ.

ಅವಳ ಗುಡಿಸಿಲಿನ ಹಿಂದೆ ಗೋದಲಿಯ, ಅಂದರೆ ಮೇವು ಹಾಕುವ ತೊಟ್ಟಿಯ, ಮುಂದೆ ಒಂದು ಎಮ್ಮೆ ಇತ್ತು. ಕೊಂಬು ದೊಡ್ಡವು, ಮೈ ಸಣ್ಣದು. ಗೋದಲಿ ನೆಕ್ಕಿದ ಹಾಗೆ ಸ್ವಚ್ಛವಾಗಿತ್ತು. ಎಮ್ಮೆ ನನ್ನನ್ನು ನೋಡಿತು. ನಾನು ಎಮ್ಮೆಯನ್ನು ನೋಡಿದೆ. ಪರೀಕ್ಷೆಯಲ್ಲಿ ನನ್ನನ್ನು ಪಾಸು ಮಾಡಿಸಿದ ಪ್ರಾಣಿ ಅದು. ಲಸಿಕೆಯ ಪೆಟ್ಟಿಗೆ ಎತ್ತಿಕೊಂಡು ಜೀಪು ಹತ್ತಿದೆ.

ದೇವದುರ್ಗದಲ್ಲಿ ಬಳೆ ವ್ಯಾಪಾರಿಯ ಮನೆಯಲ್ಲಿ ಕಾದಿದ್ದ ಮಸ್ತಾನನಿಗೆ ಹೇಳಿದೆ: ಮಳೆ ಬರುವವರೆಗೆ ಸುಮ್ಮನಿರು, ಮರಿ ಉಳಿಯುತ್ತದೆ. ಅವನು ತಲೆ ತಗ್ಗಿಸಿ, "ಆಕಿ ಎಮ್ಮಿ ನೋಡಿದ್ರೇನ್ರೀ ಸಾಬ್?" ಎಂದ. ನೋಡಿಲ್ಲ ಎಂದೆ. ಇಡೀ ಪ್ರಕರಣದಲ್ಲಿ ನಾನು ಬಾಯಿಬಿಟ್ಟು ಹೇಳಿದ ಸುಳ್ಳು ಇದೊಂದೇ.

ಜೂನಿನಲ್ಲಿ ಮಿರಗದ ಮಳೆ ಬಿತ್ತು. ಹೊಲಗಳು ಹಸಿರಾದ ಮೇಲೆ ಮಸ್ತಾನ ಒಂದು ಮುಂಜಾನೆ ಹಳ್ಳದ ದಂಡೆಯಲ್ಲಿ ಮೇಯುತ್ತಿದ್ದ ರೇಷ್ಮಾಳನ್ನು ಹಿಡಿದುಕೊಂಡು ಬಂದ. ಕುದುರೆ ಮಳೆ ತಂದುಕೊಟ್ಟು ಗುಡ್ಡ ಏರಿ ಹೋಯಿತು ಎಂದು ಊರವರು ತೀರ್ಮಾನಿಸಿದರಂತೆ. ರಾಯಚೂರಿನಲ್ಲಿ ರೇಷ್ಮಾ ಗಂಡು ಮರಿ ಹಾಕಿತು. ಗಟ್ಟಿಮುಟ್ಟಾದ ಮರಿ. ನನ್ನ ಅಶ್ವ ಮೇವು ಯೋಜನೆಯ ಫಲಿತಾಂಶವೆಂದು ಬಂದವರಿಗೆಲ್ಲ ತೋರಿಸುತ್ತಿದ್ದೆ.

ದಸರೆ ಮುಗಿದಿತ್ತು. ಒಂದು ದಿನ ಬಸವ್ವ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದಳು. ದೇವದುರ್ಗದ ಬಸ್ಸಿಗೆ ಬಂದು, ಕೇಳಿಕೊಂಡು ನಡೆದು ಬಂದಿದ್ದಳು. ನನ್ನನ್ನು ಕಂಡು ಅವಳಿಗೆ ಸಂತೋಷವಾಯಿತು, ಪರಿಚಯದವರು ಅಂತ.

"ಎಮ್ಮಿ ಹಾಲು ಬತ್ತಿ ಹೋತ್ರೀ ಯಪ್ಪಾ. ಬೆದಿಗೂ ಬರವಲ್ದು. ಗಬ್ಬ ನಿಂದರವಲ್ದು. ಅದಕ್ಕ ಏನಾರ ಸೂಜಿ ಅದೇನ್ರಿ?"

ನಾನು ಪೆನ್ನು ತೆಗೆದು ಚೀಟಿ ಎಳೆದುಕೊಂಡೆ. ಕೈ ತಾನಾಗಿಯೇ ಬರೆಯತೊಡಗಿತು: ಜೋಳದ ಕಣಕಿ, ಸಣ್ಣಗೆ ಕತ್ತರಿಸಿ... ಅಲ್ಲಿಗೆ ನಿಂತಿತು. ಆದರೂ ಬಾಯಿ ಕೇಳಿತು: "ಬ್ಯಾಸಿಗ್ಯಾಗ ಏನು ಹಾಕಿದ್ದಿ ಅದಕ್ಕ?"

"ಏನ್ ಹಾಕ್ಲಿ? ಇದ್ದ ಕಣಕಿ, ಹುಳ್ಳಿ ಎಲ್ಲಾ ಮಾಳವ್ವನ ಕುದುರಿಗೆ ಹಾಕಿದ್ನಲ್ರೀ. ನೀವಾ ಬರಕೊಟ್ಟಿದ್ದು." ಅವಳ ದನಿಯಲ್ಲಿ ದೂರು ಇರಲಿಲ್ಲ. ಹೇಳಿದ್ದನ್ನು ತಪ್ಪದೆ ಮಾಡಿದೆನೆಂಬ ಸಮಾಧಾನವಿತ್ತು. "ಎಮ್ಮಿಗೆ ಮನಿ ಮ್ಯಾಲಿನ ಹಳೇ ಹುಲ್ಲು ಕಿತ್ತು ಹಾಕ್ದೆ. ಪಾಪ, ಅದೂ ಸುಮ್ಮನ ತಿಂತು."

ಲವಣ ಮಿಶ್ರಣದ ಪೊಟ್ಟಣ ಕೊಟ್ಟೆ. ಮೈ ತುಂಬುವವರೆಗೆ ಯಾವ ಸೂಜಿಯೂ ಕೆಲಸ ಮಾಡುವುದಿಲ್ಲ ಎಂದೆ. ಅದು ನಿಜ. ಇನ್ನೊಂದು ನಿಜವನ್ನು ಹೇಳಲು ಮಾತು ಹುಡುಕುತ್ತಿದ್ದೆ. ಅದರ ಕಷ್ಟವನ್ನು ಅಂಗಳದಲ್ಲಿದ್ದ ಕುದುರೆ ತಪ್ಪಿಸಿತು.

ಮಸ್ತಾನ ಅಷ್ಟರಲ್ಲಿ ಮರಿಗೆ ಜಂತಿನ ಔಷಧ ಕುಡಿಸಲು ಟಾಂಗಾ ಹೂಡಿಕೊಂಡೇ ಬಂದು ಬೇವಿನ ಮರದ ಕೆಳಗೆ ನಿಲ್ಲಿಸಿದ್ದ. ಬಸವ್ವ ಮೆಟ್ಟಿಲು ಇಳಿದದ್ದೇ ತಡ, ರೇಷ್ಮಾ ಕಿವಿ ನಿಮಿರಿಸಿ ಕೆನೆಯಿತು. ಗಾಡಿಯನ್ನೂ ಎಳೆದುಕೊಂಡು ನಾಲ್ಕು ಹೆಜ್ಜೆ ಬಂದು, ಮುದುಕಿಯ ಸೆರಗಿಗೆ ಮೂಗು ಹಾಕಿ ಗಂಟು ಹುಡುಕತೊಡಗಿತು.

ಬಸವ್ವನ ಎರಡೂ ಕೈಗಳು ಮೊದಲು ತಾವಾಗಿಯೇ ಕೂಡಿದವು. ಆಮೇಲೆ ಅವಳ ಕಣ್ಣುಗಳು ಹರಿದ ಕಿವಿಯಿಂದ ಜೀನಿಗೆ, ಜೀನಿನಿಂದ ಗಾಡಿಗೆ, ಗಾಡಿಯಿಂದ ಮಸ್ತಾನನಿಗೆ ಹೋದವು.

"ಲೇ! ದೇವ್ರ ಕುದುರೀನ ಕದ್ದು ಗಾಡಿಗೆ ಹೂಡೀಯೇನೋ? ಕೈ ಸೇದಿ ಹೋಗ್ತಾವ ನಿನ್ನವು!"

ಮಸ್ತಾನನ ಬಾಯಲ್ಲಿ ಅವತ್ತು ಬೆಲ್ಲ ಇರಲಿಲ್ಲ. ಆದರೂ ಕಳ್ಳನೆನ್ನಿಸಿಕೊಂಡು, ಲಗಾಮು ಹಿಡಿದು ನಿಂತ. ಹೇಳಬೇಕಾದವನು ನಾನೇ ಎಂದು ಆಗ ಸ್ಪಷ್ಟವಾಯಿತು. ಹೇಳಿದೆ: ಇದು ಮೊದಲಿನಿಂದ ಟಾಂಗಾ ಕುದುರೆ, ಇವನದೇ. ಹಣೆಯ ಅರಿಶಿನ ನಾನು ಗಾಯಕ್ಕೆ ಹಚ್ಚಿದ ಔಷಧ. ಚೀಟಿ ಬರೆದ ದಿನವೂ ನನಗೆ ಗೊತ್ತಿತ್ತು.

ಅವಳು ಜೀನಿನ ಪಟ್ಟಿಯನ್ನು ಸ್ವಲ್ಪ ಎತ್ತಿ, ಅದರ ಕೆಳಗಿನ ಬಿಳಿಗೂದಲನ್ನು ಬೆರಳಿನಿಂದ ಸವರಿದಳು. ಬೈಯುತ್ತಾಳೆ ಎಂದು ನಾವಿಬ್ಬರೂ ಆಸೆಯಿಂದ ಕಾಯುತ್ತಿದ್ದೆವು.

ಮಸ್ತಾನನೇ ತಡೆಯಲಾರದೆ ಮರಿಯ ಕೊರಳು ಹಿಡಿದು ಮುಂದೆ ತಂದ. "ಯವ್ವಾ, ಇದನ್ನ ತಗೊಂಡು ಹೋಗು. ಮಲ್ಲಯ್ಯನ ಹೆಸರಲೆ ಬಿಡ್ರಿ. ಖುದಾನ ಆಣಿ, ಖರೇನ ದೇವರ ಕುದುರಿ ಆಗ್ತದ ಇದು."

ಬಸವ್ವ ಮರಿಯನ್ನು ನೋಡಿದಳು. "ಇದಕ್ಕ ಮೇವು ಯಾರು ಹಾಕ್ಬೇಕೋ ಯಪ್ಪಾ?" ಎಂದಳು. "ಮತ್ತ ನಾನಾ?"

ಮಸ್ತಾನ ಮರಿಯ ಕೊರಳು ಬಿಟ್ಟ.

ಬಸ್ಸಿನ ಹೊತ್ತಾಯಿತೆಂದು ಅವಳು ಹೊರಟಳು. ಬಿಸಿಲು ಚೆನ್ನಾಗಿಯೇ ಇತ್ತು. ಮಸ್ತಾನ ಗಾಡಿಯ ಹಿಂದಿನ ಹಲಗೆ ಒರೆಸಿ, "ಕುಂದ್ರು ಯವ್ವಾ, ಬಸ್‌ಸ್ಟ್ಯಾಂಡಿಗೆ ಬಿಡ್ತೀನಿ" ಎಂದ. ನಾನೂ ಒತ್ತಾಯಿಸಿದೆ. ಅವಳು ನಮ್ಮಿಬ್ಬರನ್ನೂ, ಏನೂ ತಿಳಿಯದ ಮಕ್ಕಳನ್ನು ನೋಡುವಂತೆ ನೋಡಿದಳು.

"ಕೈ ಮುಗಿದೀನಿ ಅದಕ್ಕ. ಮೂರು ತಿಂಗಳು ದಿನಾ ಮುಂಜಾನಿ ಎದ್ದು ಕೈ ಮುಗಿದೀನಿ. ಈಗ ಅದರ ಹಿಂದ ಕುಂತು ಹೈ ಹೈ ಅನ್ನಲೇನು?"

ನಡೆಯತೊಡಗಿದಳು. ರೇಷ್ಮಾ ಸೆರಗಿನ ಆಸೆಗೆ ಅವಳ ಪಕ್ಕಕ್ಕೇ ಹೆಜ್ಜೆ ಹಾಕಿತು, ಖಾಲಿ ಗಾಡಿ ಅದರ ಹಿಂದೆ. ಮುದುಕಿ ನಡೆಯುತ್ತಿರುವಾಗ ಮಸ್ತಾನ ಗಾಡಿ ಏರುವುದು ಹೇಗೆ? ಲಗಾಮು ಹಿಡಿದು ನಡೆದ. ಅವರಿಬ್ಬರೂ ನಡೆಯುವಾಗ ನಾನು ಆಫೀಸಿನಲ್ಲಿ ಕೂರುವುದು ಹೇಗೆ? ನಾನೂ ನಡೆದೆ. ಔಷಧದ ಚೀಲ ಭಾರವಾಗಿತ್ತು. ಗಾಡಿಯ ಸೀಟಿನ ಮೇಲಿಟ್ಟೆ. ಬಸವ್ವ ಅದನ್ನು ಒಮ್ಮೆ ತಿರುಗಿ ನೋಡಿದಳು, ಅಷ್ಟೇ. ಚೀಲ ತೆಗೆದು ಹೆಗಲಿಗೆ ಹಾಕಿಕೊಂಡೆ. ಮರಿ ಮಾತ್ರ ಹಿಂದೆ ಮುಂದೆ ಜಿಗಿಯುತ್ತ ಬಂತು. ಆ ಮೆರವಣಿಗೆಯಲ್ಲಿ ನಿರಪರಾಧಿ ಅದೊಂದೇ.

ಬಜಾರದ ತಿರುವಿನಲ್ಲಿ ಇನ್ನೊಬ್ಬ ಟಾಂಗಾದವನು ಕೂಗಿದ: "ಕ್ಯಾ ಮಸ್ತಾನ್ ಭಾಯಿ! ಇವತ್ತು ಸವಾರಿ ಯಾರ್ದು? ಕುದುರಿದೋ, ನಿಂದೋ?"

ಬಸ್ಸು ಹತ್ತುವ ಮುಂಚೆ ಬಸವ್ವ ಸೆರಗು ಸರಿಮಾಡಿಕೊಂಡು, ಚಪ್ಪಲಿ ಬಿಟ್ಟು, ಕುದುರೆಗೆ ಕೈ ಮುಗಿದಳು. ಅಭ್ಯಾಸಬಲದಿಂದ ಮುಗಿದಳೋ, ಗೊತ್ತಿದ್ದೂ ಮುಗಿದಳೋ, ನನಗೆ ಇವತ್ತಿಗೂ ತಿಳಿಯದು.

ಮುಂದಿನ ವಾರ ಮಸ್ತಾನ ಪೋತ್ನಾಳದ ಕಾಲುವೆಯ ಬದುವಿನಲ್ಲಿ ಹಸಿ ಹುಲ್ಲು ಕೊಯ್ದು, ಪರಿಚಯದ ಲಾರಿಯಲ್ಲಿ ಹೇರಿಕೊಂಡು ಆ ಊರಿಗೆ ಹೋದ. ಅಷ್ಟರಲ್ಲಿ ಅವಳು ಎಮ್ಮೆಯನ್ನು ಸಂತೆಗೆ ಹೊಡೆದು ಮಾರಿಬಿಟ್ಟಿದ್ದಳು. ಹುಲ್ಲನ್ನು ಓಣಿಯ ದನಗಳಿಗೆಲ್ಲ ಹಂಚಿಸಿ, ಅವನಿಗೆ ರೊಟ್ಟಿ ಪುಂಡಿಪಲ್ಯ ಉಣಿಸಿ ಕಳಿಸಿದಳಂತೆ. ಊರಿನಲ್ಲಿ ಅವಳು ಯಾರಿಗೂ ವಿಷಯ ಹೇಳಿರಲಿಲ್ಲ. "ಬೈದಿದ್ರ ಉಂಡ ರೊಟ್ಟಿ ಇಳೀತಿತ್ರೀ ಸಾಬ್," ಎಂದ ಮಸ್ತಾನ.

ಆಮೇಲೆ ಬಹಳ ವರ್ಷ ನೌಕರಿ ಮಾಡಿದೆ. ಬರಗಾಲಗಳು ಬಂದವು, ಮೇವಿನ ಶಿಬಿರಗಳು ಬಂದವು, ನೂರಾರು ಚೀಟಿ ಬರೆದೆ. ಯಾವ ಪ್ರಾಣಿಗೆ ಏನು, ಎಷ್ಟು ಹಾಕಬೇಕೆಂದು ಪುಸ್ತಕದಲ್ಲಿ ವಿವರವಾಗಿ ಇರುತ್ತದೆ. ಯಾರ ಗೋದಲಿಯಿಂದ ತೆಗೆದು ಹಾಕಬೇಕೆಂದು ಯಾವ ಪುಸ್ತಕದಲ್ಲೂ ಇಲ್ಲ. ಆ ಒಂದು ಪ್ರಶ್ನೆಯನ್ನು ಪೆನ್ನು ತೆಗೆಯುವ ಮುಂಚೆ ಕೇಳುವುದನ್ನು ಕಲಿತೆ. ಕೈ ಕೆಳಗಿನವರಿಗೂ ಕಲಿಸಿದೆ. ಸಾಹೇಬರಿಗೆ ಎಮ್ಮೆಯ ಹುಚ್ಚು ಎಂದು ಅವರು ಹಿಂದಿನಿಂದ ನಗುತ್ತಿದ್ದರು.

ವರ್ಗವಾಗಿ ಹೋಗುವವರೆಗೂ ಸ್ಟೇಷನ್ನಿನಲ್ಲಿ ರೈಲು ಇಳಿದಾಗಲೆಲ್ಲ ಟಾಂಗಾದವರು "ಬರ್ರಿ ಸಾಬ್, ಬರ್ರಿ" ಎಂದು ಮುತ್ತುತ್ತಿದ್ದರು. ಮಸ್ತಾನ ಒಬ್ಬ ಕರೆಯುತ್ತಿರಲಿಲ್ಲ. ನನ್ನನ್ನು ಕಂಡರೆ ಗಾಡಿಯಿಂದ ಇಳಿದು, ರೇಷ್ಮಾಳ ಲಗಾಮು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದ. ನಾನು ಚೀಲ ಹೆಗಲಿಗೇರಿಸುತ್ತಿದ್ದೆ. ಅವನಿಗೆ ಬೇರೆ ಸವಾರಿ ಇಲ್ಲದಿದ್ದರೆ ಇಬ್ಬರೂ ಆಸ್ಪತ್ರೆಯವರೆಗೆ ನಡೆಯುತ್ತಿದ್ದೆವು, ನಡುವೆ ಕುದುರೆ, ಹಿಂದೆ ಖಾಲಿ ಗಾಡಿ.